ಲೊಕೇಶನ್ ಯಾಕೆ ಹಾಕಲ್ಲ? ವೇದಾವತಿ ಕಣಿವೆ ಬಗ್ಗೆ ಹತ್ತು ಕ್ಯಾಪ್ಷನ್

1/10

"ಲೊಕೇಶನ್ ಕಳ್ಸಿ ಬ್ರೋ."

ಈ ಪೇಜಿಗೆ ಅತಿ ಹೆಚ್ಚು ಬರೋ ಕಾಮೆಂಟ್ ಇದು. ಫೋಟೋ ಚೆನ್ನಾಗಿದೆ ಅನ್ನೋ ಮಾತಿಗಿಂತ ಮೊದಲೇ ಬಂದು ಕೂತಿರುತ್ತೆ. ಹಿನ್ನೀರಿನ ಸೂರ್ಯಾಸ್ತ ಹಾಕಿದ್ರೂ ಲೊಕೇಶನ್, ನವಿಲು ಹಾಕಿದ್ರೂ ಲೊಕೇಶನ್. ಬಂಡೆ ಮೇಲೆ ಕೂತ ಕರಡಿಯ ಫೋಟೋ ಹಾಕಿದ ದಿನ ಮಾತ್ರ ಇನ್‌ಬಾಕ್ಸ್ ತುಂಬಾ ಅದೇ ಒಂದು ಪ್ರಶ್ನೆ.

ಕೇಳೋದು ತಪ್ಪಲ್ಲ. ಚೆಂದ ಕಂಡದ್ದನ್ನ ಹೋಗಿ ನೋಡ್ಬೇಕು ಅನ್ಸೋದು ಮನುಷ್ಯ ಸಹಜ. ನಮ್ಮ ಜಿಲ್ಲೆಯ ಹುಡುಗರು ನಮ್ಮ ಜಿಲ್ಲೆಯನ್ನೇ ನೋಡೋಕೆ ಹೊರಟಿದಾರೆ ಅಂದ್ರೆ ಅದು ಖುಷಿಯ ವಿಷಯನೇ. ಹತ್ತು ವರ್ಷದ ಹಿಂದೆ ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಬ್ಯಾಗ್ ಹಾಕ್ಕೊಂಡು ನಿಂತವನು ಒಂದೋ ಬೆಂಗಳೂರಿಗೆ ಹೋಗ್ತಿದ್ದ, ಇಲ್ಲಾ ಹುಬ್ಬಳ್ಳಿ ಕಡೆಗೆ. ಚಿತ್ರದುರ್ಗದ ಗಾಡಿ ಹತ್ತಿ "ಬೆಟ್ಟ ನೋಡ್ಕೊಂಡ್ ಬರ್ತೀನಿ" ಅಂದ್ರೆ ಮನೇಲಿ ನಗ್ತಿದ್ರು.

ಆದ್ರೂ ನಾನು ಪ್ರಾಣಿ ಕಂಡ ಜಾಗದ ಲೊಕೇಶನ್ ಹಾಕಲ್ಲ. ಕಣಿವೆಯ ಹೆಸರು ಹೇಳ್ತೀನಿ, ತಾಲೂಕು ಹೇಳ್ತೀನಿ, ಯಾವ ತಿಂಗಳು ಅಂತಲೂ ಹೇಳ್ತೀನಿ. ಗುಡ್ಡದ ಹೆಸರು, ಹಳ್ಳದ ಹೆಸರು, ಮ್ಯಾಪಿನ ಪಿನ್ ಇವು ಮೂರು ಸಿಗಲ್ಲ. "ಇವ್ನಿಗೆ ಹೊಟ್ಟೆಕಿಚ್ಚು, ತಾನೊಬ್ಬನೇ ನೋಡ್ಬೇಕು ಅಂತಾನೆ" ಅಂತ ಒಬ್ಬರು ಬರೆದಿದ್ರು. ಅವರಿಗೆ ಒಂದು ಸಾಲಿನ ಉತ್ತರ ಸಾಲದು. ಅದಕ್ಕೇ ಈ ಸರಣಿ.

ಹತ್ತೂ ಕ್ಯಾಪ್ಷನ್ ಓದಿ, ಆಮೇಲೆ ಬೈಯ್ರಿ. ಬೇಜಾರಿಲ್ಲ. 🙏

2/10

ಮೊದಲು ನಾವು ಮಾತಾಡ್ತಿರೋ ಕಣಿವೆ ಯಾವುದು ಅಂತ ತಿಳ್ಕೊಳೋಣ. ಎರಡನೇ ಫೋಟೋದಲ್ಲಿ ಕಾಣೋ ಒಣ ಮರಳಿನ ಗೆರೆ ಇದೆಯಲ್ಲ, ಅದೂ ಒಂದು ನದಿನೇ.

ಚಿಕ್ಕಮಗಳೂರಿನ ಬಾಬಾಬುಡನ್ ಗಿರಿ ಸಾಲಿನಲ್ಲಿ ವೇದಾ, ಅವತಿ ಅಂತ ಎರಡು ಹೊಳೆ ಹುಟ್ಟುತ್ತವೆ. ಒಂದು ಸಖರಾಯಪಟ್ಟಣದ ಹತ್ತಿರದ ಅಯ್ಯನಕೆರೆ ತುಂಬಿಸಿ ಬರುತ್ತೆ, ಇನ್ನೊಂದು ಮದಗದಕೆರೆ ತುಂಬಿಸಿ ಬರುತ್ತೆ. ಕಡೂರು ಸೀಮೆಯಲ್ಲಿ ಎರಡೂ ಕೂಡಿ ವೇದಾವತಿ ಆಗುತ್ತೆ. ಮಲೆನಾಡಿನಲ್ಲಿ ಹುಟ್ಟಿದರೂ ಬಾಳೋದು ಬಯಲುಸೀಮೆಯಲ್ಲಿ. ಹೊಸದುರ್ಗ ತಾಲೂಕು ದಾಟಿ ಹಿರಿಯೂರು ಕಡೆ ಬರೋವಾಗ ಎರಡು ಗುಡ್ಡಸಾಲು ಎದುರಾಗಿ ಹೊಳೆಯನ್ನ ಕಿರಿದಾದ ಸಂದಿಯೊಳಗೆ ನುಗ್ಗಿಸುತ್ತವೆ. ಅದೇ ಮಾರಿಕಣಿವೆ.

ಆ ಸಂದಿಗೆ ಅಡ್ಡಲಾಗಿ 1898ರಲ್ಲಿ ಅಣೆಕಟ್ಟೆ ಕೆಲಸ ಶುರುವಾಯ್ತು, 1907ರಲ್ಲಿ ಮುಗೀತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಕೈಗೆತ್ತಿಕೊಂಡ ಕೆಲಸ. ಆಗ ರಾಜ್ಯದ ಆಡಳಿತ ನೋಡ್ತಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರೇ ಸಾಗರಕ್ಕೆ ಬಂತು. ಸುಮಾರು 30 ಟಿಎಂಸಿ ನೀರು ಹಿಡಿಯೋ ಜಲಾಶಯ ಇದು. ಭರ್ತಿ ಮಟ್ಟ 130 ಅಡಿ. ಕಟ್ಟೆಯ ಪಕ್ಕದಲ್ಲೇ ಕಣಿವೆ ಮಾರಮ್ಮನ ಗುಡಿ. ನಮ್ಮ ಕಡೆ ಹಿರಿಯರು ಇವತ್ತಿಗೂ "ವಿ.ವಿ. ಸಾಗರ" ಅನ್ನಲ್ಲ, "ಮಾರಿಕಣಿವೆ" ಅಂತಾರೆ.

ಅಲ್ಲಿಂದ ಮುಂದೆ ಹಿರಿಯೂರು, ಚಳ್ಳಕೆರೆ ಸೀಮೆ ದಾಟಿ, ಆಂಧ್ರದ ಅನಂತಪುರ ಜಿಲ್ಲೆಗೆ ಹೊಕ್ಕು, ಮತ್ತೆ ಬಳ್ಳಾರಿ ಕಡೆ ಬಂದು ಹಗರಿ ಅನ್ನೋ ಹೆಸರಲ್ಲಿ ತುಂಗಭದ್ರೆ ಸೇರುತ್ತೆ.

ನಮ್ಮ ಹೊಳಲ್ಕೆರೆ ತಾಲೂಕಿನ ಪಶ್ಚಿಮದ ಹಳ್ಳಗಳು ಮಾತ್ರ ಬೇರೆ ದಾರಿ ಹಿಡಿದು ಸೂಳೆಕೆರೆ ಸೇರ್ತವೆ. ಅಲ್ಲಿಂದ ಹರಿದ್ರಾ ಆಗಿ ಹರಿಹರದಲ್ಲಿ ಅದೇ ತುಂಗಭದ್ರೆಗೆ. ಸೂಳೆಕೆರೆಯೂ ಎರಡು ಗುಡ್ಡದ ನಡುವಿನ ಸಂದಿಗೆ ಏರಿ ಹಾಕಿ ಕಟ್ಟಿದ್ದೇ. ಕಣಿವೆ ಕಂಡ ಕಡೆ ಕಟ್ಟೆ ಹಾಕೋದು ನಮ್ಮ ಸೀಮೆಯ ಹಳೇ ಜಾಣತನ.

3/10

"ಅಲ್ಲೇನೈತೆ ನೋಡೋಕೆ? ಕಲ್ಲು, ಜಾಲಿಮುಳ್ಳು."

ಇದು ಬೇರೆ ಊರಿನವರ ಮಾತಲ್ಲ, ನಮ್ಮವರ ಮಾತೇ. ಆಗುಂಬೆ, ಕುದುರೆಮುಖದ ಹಸಿರು ನೋಡಿದ ಕಣ್ಣಿಗೆ ಜೋಗಿಮಟ್ಟಿ ಸಾಲು ಬೋಳಾಗಿ ಕಾಣುತ್ತೆ. ಏಪ್ರಿಲ್‌ನಲ್ಲಿ ನೋಡಿದ್ರಂತೂ ಗುಡ್ಡಕ್ಕೆ ಬೆಂಕಿ ಬಿದ್ದು ಆರಿದ ಹಾಗಿರುತ್ತೆ.

ಆದ್ರೆ ಒಣ ಕಾಡು ಅಂದ್ರೆ ಸತ್ತ ಕಾಡಲ್ಲ. ನೀರು ಉಳಿಸೋಕೆ ಎಲೆ ಉದುರಿಸಿ ಕೂತಿರೋ ಕಾಡು ಅದು. ಕಮರ, ದಿಂಡಿಗ, ತುಗ್ಗಲಿ, ಮುತ್ತುಗ, ಕಾರೆ, ಸೀತಾಫಲ. ಮುಂಗಾರಿನ ಎರಡು ಹದ ಮಳೆ ಬೀಳಲಿ, ಹದಿನೈದು ದಿನದಲ್ಲಿ ಅದೇ ಗುಡ್ಡ ಗುರುತು ಸಿಗಲ್ಲ. ಐದನೇ ಫೋಟೋ, ಆರನೇ ಫೋಟೋ ಎರಡೂ ಒಂದೇ ಜಾಗ. ಮೇ ತಿಂಗಳು, ಆಗಸ್ಟ್ ತಿಂಗಳು, ಅಷ್ಟೇ ವ್ಯತ್ಯಾಸ.

ಇನ್ನು ಇಲ್ಲಿ ಇರೋರ ಪಟ್ಟಿ ನೋಡಿ. ಕರಡಿ. ಚಿರತೆ. ತೋಳ. ಕತ್ತೆಕಿರುಬ. ಚಿಪ್ಪುಹಂದಿ. ಕೊಂಡುಕುರಿ, ಅಂದ್ರೆ ಗಂಡಿಗೆ ನಾಲ್ಕು ಕೊಂಬಿರೋ ಪುಟ್ಟ ಜಿಂಕೆಯಂಥ ಪ್ರಾಣಿ. ಹೊಲದ ಬದುವಿನಲ್ಲಿ ಗೌಜಲಹಕ್ಕಿ. ಬಂಡೆ ಸಂದಿಯಲ್ಲಿ ಹಳದಿ ಕೊರಳಿನ ಪಿಕಳಾರ. ಇದು ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನ ಬಿಟ್ರೆ ಲೋಕದಲ್ಲಿ ಬೇರೆಲ್ಲೂ ಇಲ್ಲ. ನೀವು "ಬರೀ ಕಲ್ಲು" ಅಂದ್ರಲ್ಲ, ಆ ಕಲ್ಲೇ ಅದರ ಮನೆ.

ಈ ಪ್ರಾಣಿಗಳನ್ನ ಸರ್ಕಾರವೂ ತಡವಾಗಿ ನೋಡ್ತು. ಜಗಳೂರಿನ ರಂಗಯ್ಯನದುರ್ಗ ಕೊಂಡುಕುರಿ ಧಾಮ ಆಗಿದ್ದು 2011ರಲ್ಲಿ. ಜೋಗಿಮಟ್ಟಿ ವನ್ಯಜೀವಿಧಾಮ ಆಗಿದ್ದು 2015ರಲ್ಲಿ, ಸುಮಾರು 100 ಚದರ ಕಿ.ಮೀ. ನಮ್ಮ ಜಿಲ್ಲೆಯ ಗಡಿ ಪಕ್ಕ ಶಿರಾ ಕಡೆಯ ಬುಕ್ಕಾಪಟ್ಟಣ ಚಿಂಕಾರ ಧಾಮ ಆಗಿದ್ದು 2019ರಲ್ಲಿ. ಅಲ್ಲಿ ಚಿಂಕಾರ ಇದೆ ಅಂತ ಸಂಜಯ್ ಗುಬ್ಬಿ ಮತ್ತವರ ತಂಡ ಫೋಟೋ ಸಮೇತ ತೋರಿಸಿದ ಮೇಲೇ ಅದಕ್ಕೆ ಧಾಮದ ಭಾಗ್ಯ ಬಂತು.

ಇದನ್ನ ನೆನಪಿಟ್ಕೊಳ್ಳಿ. ಒಂದು ಫೋಟೋಗೆ ಕಾಡನ್ನ ಉಳಿಸೋ ಶಕ್ತಿಯೂ ಇದೆ.

4/10

"ಏನೂ ಇಲ್ಲ" ಅನ್ನೋ ಮಾತಿಗೆ ಬೆಲೆ ತೆರಬೇಕಾಗುತ್ತೆ.

ಯಾವ ಜಾಗದಲ್ಲಿ ನೋಡೋಕೆ ಏನೂ ಇಲ್ಲ ಅಂತ ಜನ ನಂಬಿದಾರೋ, ಆ ಜಾಗ ಕಾಗದದಲ್ಲಿ "ಬಂಜರು" ಆಗುತ್ತೆ. ಬಂಜರು ಅಂದ ಮೇಲೆ ಅಲ್ಲಿ ಯಾರು ಏನು ಮಾಡಿದ್ರೂ ಕೇಳೋರಿಲ್ಲ.

ಚಳ್ಳಕೆರೆ ಕಾವಲುಗಳನ್ನೇ ತಗೊಳ್ಳಿ. ಅಮೃತಮಹಲ್ ದನ ಮೇಯ್ತಿದ್ದ, ಹತ್ತಾರು ಹಳ್ಳಿಯ ಕುರಿ ಮೇಯ್ತಿದ್ದ, ಕೃಷ್ಣಮೃಗ ಓಡಾಡ್ತಿದ್ದ ಹುಲ್ಲುಗಾವಲು. ಸುಮಾರು 10,000 ಎಕರೆ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳಿಗೆ ಹೋಯ್ತು. ಹಳ್ಳಿಯವರು ಹೋರಾಡಿದ್ರು, ಹಸಿರು ನ್ಯಾಯಮಂಡಳಿ ತನಕ ವಿಷಯ ಹೋಯ್ತು. ಆದ್ರೆ ರಾಜ್ಯದಲ್ಲಿ ಎಷ್ಟು ಜನರಿಗೆ ಗೊತ್ತಾಯ್ತು? ಪಶ್ಚಿಮಘಟ್ಟದಲ್ಲಿ ಇದರ ಕಾಲುಭಾಗ ಹೋಗಿದ್ರೆ ಗಲಾಟೆ ಎಷ್ಟಿರ್ತಿತ್ತು ಯೋಚಿಸಿ. ಹುಲ್ಲು ಯಾರ ಕಣ್ಣಿಗೂ ಕಾಡಾಗಿ ಕಾಣಲಿಲ್ಲ.

ಗಣಿ ಕಥೆ ನಮ್ಮ ಹೊಳಲ್ಕೆರೆ, ಭೀಮಸಮುದ್ರದ ಕಡೆಯವರಿಗೆ ನಾನು ಹೇಳಬೇಕಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜತೆಗೆ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕಬ್ಬಿಣದ ಅದಿರು ಗಣಿಗಾರಿಕೆಯನ್ನೂ ನಿಲ್ಲಿಸ್ತು. 2013ರಲ್ಲಿ ಷರತ್ತು ಹಾಕಿ ಮತ್ತೆ ಬಿಡ್ತು. ಅಡಿಕೆ ತೋಟದ ಮೇಲೆ ಕೂರೋ ಕೆಂಧೂಳಿಗೆ ಷರತ್ತು ಓದೋಕೆ ಬರಲ್ಲ.

ಇನ್ನು ಗಾಳಿಯಂತ್ರ. ನಾನು ಅದರ ವಿರೋಧಿ ಅಲ್ಲ, ಕರೆಂಟು ಎಲ್ಲರಿಗೂ ಬೇಕು. ಆದ್ರೆ ಕರ್ನಾಟಕದ ಗಾಳಿಯಂತ್ರ ಪ್ರದೇಶಗಳನ್ನ ಅಧ್ಯಯನ ಮಾಡಿ 2022ರಲ್ಲಿ ಪ್ರಕಟಿಸಿದ ಸಂಶೋಧಕರು, ಯಂತ್ರ ಇರೋ ಜಾಗಕ್ಕಿಂತ ಇಲ್ಲದ ಜಾಗದಲ್ಲಿ ಹಕ್ಕಿಗಳು ಹೆಚ್ಚು ಅಂತ ಕಂಡ್ರು. ಕೃಷ್ಣಮೃಗ, ಚಿಂಕಾರ, ನರಿಯಂಥ ಪ್ರಾಣಿಗಳೂ ಯಂತ್ರಗಳ ಹತ್ತಿರ ಸುಳಿಯೋದು ಕಡಿಮೆ. ಗುಡ್ಡದ ನೆತ್ತಿಗೆ ರಸ್ತೆ ಕೊರೆಯೋ ಮೊದಲು ಅಲ್ಲಿ ಯಾರಿದಾರೆ ಅಂತ ಕೇಳೋದು ತಪ್ಪೇನಲ್ಲ.

ಹಾಗಾಗಿ ನನ್ನ ಮೊದಲ ಮಾತು: ಈ ಕಣಿವೆಯನ್ನ ಜನ ನೋಡ್ಲೇಬೇಕು. ನೋಡದ ನೆಲವನ್ನ ಯಾರೂ ಕಾಯಲ್ಲ.

ಹಾಗಾದ್ರೆ ಲೊಕೇಶನ್ ಯಾಕೆ ಹಾಕಲ್ಲ? ಮುಂದಿನ ಕ್ಯಾಪ್ಷನ್.

5/10

2022ರ ಸೆಪ್ಟೆಂಬರ್. ಮಾರಿಕಣಿವೆ ಕೋಡಿ ಬಿತ್ತು.

ಅದಕ್ಕೂ ಮುಂಚೆ ಕೋಡಿ ಬಿದ್ದಿದ್ದು 1933ರಲ್ಲಿ. ಅಂದ್ರೆ 89 ವರ್ಷ. ನಮ್ಮಪ್ಪಂದಿರು ನೋಡಿರಲಿಲ್ಲ, ಅಜ್ಜಂದಿರಲ್ಲೂ ಎಷ್ಟೋ ಜನ ನೋಡಿರಲಿಲ್ಲ. ಬರದ ಜಿಲ್ಲೆ ಅಂತ ಹೆಸರು ಹೊತ್ತವರ ಕಣ್ಣೆದುರು ನೀರು ಬಿಳಿ ನೊರೆಯಾಗಿ ಹೊರಗೆ ಹರಿಯಿತು. ಆ ದಿನ ಹಿರಿಯೂರು ದಾರಿಯಲ್ಲಿ ಸೇರಿದ ಜನ ಜಾತ್ರೆಯನ್ನ ಮೀರಿಸಿತ್ತು. ಕಣ್ಣಲ್ಲಿ ನೀರು ತಂದ್ಕೊಂಡು ಕೈ ಮುಗಿದು ನಿಂತವರನ್ನ ನಾನು ಕಂಡಿದೀನಿ. ಆ ಸಂತೋಷವನ್ನ ಯಾರೂ ಅಣಕ ಮಾಡಬಾರದು.

2019ರಿಂದ ಭದ್ರೆಯ ನೀರು ಅಜ್ಜಂಪುರದ ಸುರಂಗ ದಾಟಿ ವೇದಾವತಿಗೆ ಬರೋಕೆ ಶುರುವಾದ ಮೇಲೆ ಜಲಾಶಯದ ಹಣೆಬರಹವೇ ಬದಲಾಯ್ತು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಮಳೆಗಾಲ ಮುಗಿದು ಸುಗ್ಗಿ ಹೊತ್ತಿಗೆ!

ಆದ್ರೆ ಆ ರೀಲ್ಸ್‌ನಲ್ಲಿ ಕಾಣದ ಇನ್ನೊಂದು ದಡ ಇದೆ. ಹಿನ್ನೀರಿನ ದಡ. ಹೊಸದುರ್ಗ ತಾಲೂಕಿನ ಹಿನ್ನೀರಿನ ಹಳ್ಳಿಗಳಲ್ಲಿ ಅದೇ ನೀರು ತೋಟಕ್ಕೆ ನುಗ್ತು, ದಾರಿ ಮುಳುಗಿಸ್ತು. ದಶಕಗಟ್ಟಲೆ ತುಂಬದ ಕೆರೆಯ ಅಂಚಿನಲ್ಲಿ ತೆಂಗು, ಅಡಿಕೆ ಹಾಕ್ಕೊಂಡು ಬದುಕಿದ್ದವರು ಅವರು. ನಮಗೆ 130 ಅಡಿ ಅನ್ನೋದು ಸಂಭ್ರಮದ ಅಂಕಿ, ಅವರಿಗೆ ಅದು ಅಂಗಳಕ್ಕೆ ನೀರು ಬರೋ ಅಂಕಿ.

ಏಳನೇ ಫೋಟೋ ನೋಡಿ. ನೀರಲ್ಲಿ ಅರ್ಧ ಮುಳುಗಿದ ತೆಂಗಿನ ಸಾಲು, ಹಿಂದೆ ಕೆಂಪು ಆಕಾಶ. ಈ ಪೇಜಲ್ಲಿ ಅತಿ ಹೆಚ್ಚು ಲೈಕ್ ಬಂದ ಫೋಟೋಗಳಲ್ಲಿ ಇದೂ ಒಂದು. "ಕೇರಳ ಥರ ಇದೆ" ಅಂತ ಕಾಮೆಂಟ್. ಅದು ಯಾರದೋ ತೋಟ. ಯಾರದೋ ಮಗಳ ಮದುವೆಗೆ ಅಂತ ಲೆಕ್ಕ ಹಾಕಿದ್ದ ಫಸಲು.

ಚೆಂದ ಅಂತ ನೋಡೋದು ತಪ್ಪಲ್ಲ. ಚೆಂದದ ಹಿಂದೆ ಯಾರಿದಾರೆ ಅಂತ ಕೇಳದೆ ಇರೋದು ಸರಿಯಲ್ಲ.

6/10

ಈಗ ಪ್ರಾಣಿ ವಿಷಯ.

ಕಬ್ಬಿನ ಗದ್ದೆಯಲ್ಲೋ ಮೆಕ್ಕೆಜೋಳದ ಹೊಲದಲ್ಲೋ ಚಿರತೆ ಮರಿ ಸಿಕ್ಕಿದ್ರೆ ಏನಾಗುತ್ತೆ ಗೊತ್ತಲ್ಲ? ಹತ್ತು ನಿಮಿಷದಲ್ಲಿ ವಾಟ್ಸಾಪ್ ಗ್ರೂಪಿಗೆ, ಅರ್ಧ ಗಂಟೆಯಲ್ಲಿ ಸುತ್ತಲ ನಾಲ್ಕು ಹಳ್ಳಿಯ ಬೈಕು ಹೊಲದ ಬದುವಿನಲ್ಲಿ. ಮರಿ ಎತ್ಕೊಂಡು ಸೆಲ್ಫಿ. ತಾಯಿ ಎಲ್ಲೋ ಹತ್ತಿರದಲ್ಲೇ ಅವಿತು ನೋಡ್ತಿರುತ್ತೆ. ಜನ ಸುಮ್ಮನೆ ದೂರ ಸರಿದ್ರೆ ರಾತ್ರಿ ಬಂದು ಮರಿಗಳನ್ನ ಕಚ್ಕೊಂಡು ಹೋಗುತ್ತೆ. ಸರಿಯದಿದ್ರೆ ಮರಿ ಅನಾಥ, ತಾಯಿ ಕೆರಳಿದ ಪ್ರಾಣಿ.

ಕರಡಿ ಇನ್ನೂ ಕಷ್ಟ. ಅದು ಕಾಡಿನ ಮುಂಗೋಪಿ. ಹಗಲೆಲ್ಲಾ ಬಂಡೆ ಗವಿಯಲ್ಲಿ ಮಲಗಿ, ಹೊತ್ತು ಇಳಿದ ಮೇಲೆ ಗೆದ್ದಲು, ಜೇನು, ಕಾರೆ ಹಣ್ಣು, ಸೀತಾಫಲ ಹುಡುಕ್ಕೊಂಡು ಹೊರಡುತ್ತೆ. ಅದರ ಕಣ್ಣು ಅಷ್ಟು ಚುರುಕಲ್ಲ, ಹತ್ತಿರ ಬರೋ ತನಕ ಮನುಷ್ಯ ಇದಾನೆ ಅಂತ ಗೊತ್ತಾಗಲ್ಲ. ಗೊತ್ತಾದಾಗ ಓಡಿಹೋಗೋ ಬದಲು ಮೇಲೆ ಬೀಳುತ್ತೆ. ಗವಿ ಬಾಯಿಗೆ ಹೋಗಿ ಕಲ್ಲು ಹೊಡೆದು "ಒಂದು ಶಾಟ್" ತಗೊಂಡು ಬೈಕ್ ಹತ್ತಿದ ಹುಡುಗನಿಗೆ ಏನೂ ಆಗಲ್ಲ. ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಕರೆಂಟ್ ಬಂತು ಅಂತ ಮೋಟ್ರು ಹಾಕೋಕೆ ಟಾರ್ಚ್ ಹಿಡ್ಕೊಂಡು ಒಬ್ಬನೇ ಹೊರಡ್ತಾನಲ್ಲ ರೈತ, ಬೆದರಿ ಜಾಗ ಬಿಟ್ಟ ಕರಡಿ ಎದುರಾಗೋದು ಅವನಿಗೆ.

ಇದೇ ನನ್ನ ಉತ್ತರ. ನಾನು ಹಾಕೋ ಒಂದು ಪಿನ್ನಿನ ಲಾಭ ನನ್ನ ಪೇಜಿಗೆ. ಅಪಾಯ ಮಾತ್ರ ಆ ಗುಡ್ಡದ ಬುಡದ ಮನೆಗೆ. ಈ ಲೆಕ್ಕ ನ್ಯಾಯವಲ್ಲ.

ಕಾನೂನೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಚಿರತೆ, ಕರಡಿ ಎರಡಕ್ಕೂ ಮೊದಲ ಪಟ್ಟಿಯ ರಕ್ಷಣೆ. ಬೇಟೆ ಅಂದ್ರೆ ಬರೀ ಕೊಲ್ಲೋದಲ್ಲ. ಹಿಡಿಯೋದು, ಅಟ್ಟೋದು, ಆಮಿಷ ಹಾಕೋದೂ ಬೇಟೆಯ ಅರ್ಥದೊಳಗೇ ಬರುತ್ತೆ. ಧಾಮದೊಳಗೆ ಪ್ರಾಣಿಯನ್ನ ಕೆಣಕೋದೂ ಅಪರಾಧ. ಫೋಟೋಗೆ ಅಂತ ಧಾಮದೊಳಗೆ ಹೋಗೋಕೂ ಅನುಮತಿ ಬೇಕು.

ಸಾಕ್ಷಿ ಬೇಕಿಲ್ಲ. ರೀಲ್ಸ್ ಹಾಕಿದವರು ಸಾಕ್ಷಿಯನ್ನ ತಾವೇ ಅಪ್ಲೋಡ್ ಮಾಡಿರ್ತಾರೆ.

7/10

"ಹಾಗಾದ್ರೆ ದರೋಜಿಯಲ್ಲಿ ತೋರಿಸ್ತಾರಲ್ಲ?"

ಒಳ್ಳೇ ಪ್ರಶ್ನೆ. ಹೊಸಪೇಟೆ ಹತ್ತಿರದ ದರೋಜಿ ಕರಡಿಧಾಮ 1994ರಿಂದ ಇದೆ. ಮಧ್ಯಾಹ್ನದ ಹೊತ್ತಿಗೆ ಬಂಡೆಗಳ ಮೇಲೆ ಬೆಲ್ಲ, ಜೇನಿನ ಪಾಕ ಸವರ್ತಾರೆ, ಸಂಜೆ ಕರಡಿಗಳು ಗುಡ್ಡ ಇಳಿದು ಬಂದು ನೆಕ್ತವೆ, ಪ್ರವಾಸಿಗರು ದೂರದ ವೀಕ್ಷಣಾ ಗೋಪುರದಲ್ಲಿ ಕೂತು ನೋಡ್ತಾರೆ. ಬಯಲುಸೀಮೆಯಲ್ಲಿ ಕಾಡುಪ್ರಾಣಿ ನೋಡೋಕೆ ಅಂತಲೇ ಜನ ದೂರದಿಂದ ಬರೋ ಹಾಗೆ ಮಾಡಿದ ಜಾಗ ಅದು.

ಅದರಿಂದ ಕಲಿಯೋದು ಎರಡಿದೆ.

ಒಳ್ಳೇದು: ಅಂತರ. ನೋಡೋರಿಗೆ ಒಂದೇ ಜಾಗ, ಒಂದೇ ಹೊತ್ತು. ಮಿಕ್ಕ ಗುಡ್ಡವೆಲ್ಲಾ ಕರಡಿಗೆ. ಸಾವಿರ ಜನ ಬಂದ್ರೂ ಸಾವಿರ ಕಡೆ ತುಳಿಯಲ್ಲ. ದುರ್ಬೀನು ಹಿಡಿದು ಮಗು ಮೊದಲ ಸಲ ಕರಡಿ ನೋಡಿ ಅಪ್ಪನ ಅಂಗಿ ಎಳೆಯೋ ಖುಷಿ ಇದೆಯಲ್ಲ, ಅದು ಕಾಡಿಗೆ ಸಿಗೋ ಓಟು.

ನನಗೆ ಒಪ್ಪದ್ದು: ಪಾಕ. ಇಲಾಖೆ ತನ್ನ ಉಸ್ತುವಾರಿಯಲ್ಲಿ ಮಾಡೋದು ಒಂದು. ಅದನ್ನ ನೋಡಿ ಊರೂರಲ್ಲಿ ಹುಡುಗರು ಬೆಲ್ಲ ತಗೊಂಡು ಗುಡ್ಡ ಹತ್ತೋದು ಇನ್ನೊಂದು. ಮನುಷ್ಯನ ವಾಸನೆ ಜೊತೆ ಸಿಹಿ ಸಿಗುತ್ತೆ ಅಂತ ಕಲಿತ ಕರಡಿ ನಾಳೆ ಅಂಗಡಿ ಬಾಗಿಲು ಮುರಿಯುತ್ತೆ, ಗುಡಿಯ ಎಣ್ಣೆ ದೀಪ ನೆಕ್ಕೋಕೆ ಬರುತ್ತೆ. ಆಮೇಲೆ ಬೋನು. ಬೋನಿಗೆ ಬಿದ್ದ ಪ್ರಾಣಿಯ ಸುತ್ತ ಮತ್ತೆ ಅದೇ ಮೊಬೈಲುಗಳು.

ಕೋತಿಗಳ ವಿಷಯದಲ್ಲಿ ಇದನ್ನ ಕಣ್ಣಾರೆ ಕಂಡಾಗಿದೆ. ಕೋಟೆಯಲ್ಲಿ, ಗುಡಿಗಳಲ್ಲಿ ಬಾಳೆಹಣ್ಣು, ಚಿಪ್ಸ್ ಕೊಟ್ಟು ಕೊಟ್ಟು ಕೈಯಿಂದ ಕಿತ್ಕೊಳ್ಳೋ ಹಾಗೆ ಮಾಡಿದ್ದು ನಾವೇ. ಈಗ "ಕೋತಿ ಕಾಟ" ಅಂತ ಅರ್ಜಿ ಕೊಡೋರೂ ನಾವೇ.

ತಿನ್ನಿಸಿ ತೆಗೆದ ಫೋಟೋ, ಕಲ್ಲು ಹೊಡೆದು ಎಬ್ಬಿಸಿ ತೆಗೆದ ಫೋಟೋ, ಗೂಡಿನ ಮುಂದಿನ ಕೊಂಬೆ ಕಡಿದು ತೆಗೆದ ಫೋಟೋ: ಮೂರೂ ನನ್ನ ಲೆಕ್ಕದಲ್ಲಿ ಕದ್ದ ಫೋಟೋಗಳೇ. ಎಷ್ಟೇ ಶಾರ್ಪ್ ಇರಲಿ.

8/10

ವಾದ ಮಾಡಿದವರ ಮಾತು ಕೇಳದೆ ಮುಂದೆ ಹೋಗೋದು ಸರಿಯಲ್ಲ. ಮೂರು ಮಾತು ಪದೇ ಪದೇ ಬರುತ್ತೆ.

ಒಂದು. "ಪ್ರವಾಸಿಗರು ಬಂದ್ರೆ ನಮ್ಮ ಹುಡುಗರಿಗೆ ಕೆಲಸ ಸಿಗುತ್ತೆ." ನಿಜ. ಮಾರಿಕಣಿವೆ ದಾರಿಯಲ್ಲಿ ಮೀನು ಹುರಿದು ಮಾರೋ ಅಕ್ಕನಿಗೆ ಭಾನುವಾರದ ವ್ಯಾಪಾರನೇ ವಾರದ ಅನ್ನ. ಆದ್ರೆ ಕೆಲಸ ಅಂದ್ರೆ ಏನು ಅಂತ ನಾವೇ ತೀರ್ಮಾನಿಸಬೇಕು. ಜೋರು ಸದ್ದಿನ ಮೋಟಾರ್ ಬೋಟು, ಡಿಜೆ ಹಾಕೋ ರೆಸಾರ್ಟು ಬಂದ್ರೆ ನಮ್ಮ ಹುಡುಗನಿಗೆ ಸಿಗೋದು ಗೇಟು ಕಾಯೋ ಕೆಲಸ. ಹಕ್ಕಿ ಹೆಸರು ಬಲ್ಲ, ಹೆಜ್ಜೆ ಗುರುತು ಓದಬಲ್ಲ, ಮಾರಿಕಣಿವೆ ಕಥೆ ಹೇಳಬಲ್ಲ ಗೈಡ್ ಆದ್ರೆ ಅದೇ ಹುಡುಗ ಯಜಮಾನ. ಚಿತ್ರದುರ್ಗದ ಕೋಟೆಯಲ್ಲಿ ಗೈಡುಗಳು ಒನಕೆ ಓಬವ್ವನ ಕಿಂಡಿ ತೋರಿಸಿ ಗೌರವದಿಂದ ಬದುಕ್ತಿಲ್ವಾ? ಕಲ್ಲಿಗೆ ಆಗಿದ್ದು ಕಾಡಿಗೆ ಯಾಕಾಗಬಾರದು?

ಎರಡು. "ಕುರಿಗಾಹಿ ದಿನಾ ಹೋಗ್ತಾನೆ, ನಾವು ಹೋದ್ರೆ ತಪ್ಪಾ?" ಕುರಿಗಾಹಿ ಮೂವತ್ತು ವರ್ಷದಿಂದ ಅದೇ ದಾರಿ, ಅದೇ ಹೊತ್ತು. ಗುಡ್ಡದ ಪ್ರಾಣಿಗಳಿಗೆ ಅವನ ಕೂಗು ಗೊತ್ತು, ಅವನಿಗೆ ಅವುಗಳ ಜಾಡು ಗೊತ್ತು. ಯಾವ ಪೊದೆ ಬಳಸಿ ಹೋಗ್ಬೇಕು ಅಂತ ಅವನಿಗೆ ಯಾರೂ ಬೋರ್ಡ್ ಹಾಕಿ ಹೇಳ್ಬೇಕಿಲ್ಲ. ನಾವು ಭಾನುವಾರದ ನೆಂಟರು. ನೆಂಟರು ಮನೆಯವರನ್ನ ಕೇಳಿ ಒಳಗೆ ಹೋಗ್ತಾರೆ.

ಮೂರು. "ಲೊಕೇಶನ್ ಮುಚ್ಚಿಟ್ರೆ ಕಳ್ಳಬೇಟೆಯವರಿಗೆ, ಮರಳು ತುಂಬೋರಿಗೆ ಅನುಕೂಲ. ಜನ ಓಡಾಡ್ತಿದ್ರೆ ಅವರು ಹೆದರ್ತಾರೆ." ಇದು ಮೂರರಲ್ಲಿ ತೂಕದ ಮಾತು, ಭಾಗಶಃ ಒಪ್ತೀನಿ. ಅದಕ್ಕೇ ಹೇಳ್ತಿರೋದು, ಕಣಿವೆಯನ್ನ ಮುಚ್ಚಿಡಬೇಡಿ, ಪ್ರಾಣಿಯ ಮನೆ ಬಾಗಿಲನ್ನ ಮಾತ್ರ ಮುಚ್ಚಿಡಿ. ಉರುಳು ಕಂಡ್ರೆ, ಹೊಳೆಯೊಳಗೆ ಜೆಸಿಬಿ ಕಂಡ್ರೆ, ಗುಡ್ಡಕ್ಕೆ ಬೆಂಕಿ ಕಂಡ್ರೆ ಆ ಲೊಕೇಶನ್ ಖಂಡಿತ ಕಳ್ಸಿ. ಅರಣ್ಯ ಇಲಾಖೆಗೆ ಕಳ್ಸಿ. ಲೊಕೇಶನ್ ಅನ್ನೋದು ಇರೋದೇ ಅದಕ್ಕೆ.

9/10

ಬರೀ ಬೇಡ ಬೇಡ ಅಂದ್ರೆ ಏನು ಪ್ರಯೋಜನ? ನೋಡೋದು ಹೇಗೆ ಅಂತಲೂ ಹೇಳ್ತೀನಿ. ಇದನ್ನ ಸೇವ್ ಮಾಡ್ಕೊಳ್ಳಿ. 📌

▪️ ರೈಲಿನಿಂದ ಶುರು ಮಾಡಿ. ಅಜ್ಜಂಪುರ, ಹೊಸದುರ್ಗ ರೋಡ್, ಚಿಕ್ಕಜಾಜೂರು, ಅಲ್ಲಿಂದ ಚಿತ್ರದುರ್ಗ. ಕಿಟಕಿ ಪಕ್ಕ ಕೂತು ಮೊಬೈಲ್ ಜೇಬಿಗೆ ಹಾಕಿ. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗೋದನ್ನ ಮಣ್ಣಿನ ಬಣ್ಣದಲ್ಲೇ ಓದಬಹುದು. ತಂತಿ ಮೇಲೆ ನೀಲಕಂಠ, ಹೊಲದಲ್ಲಿ ನವಿಲು, ಕೆರೆ ಅಂಚಲ್ಲಿ ಬೆಳ್ಳಕ್ಕಿ. ಪ್ಯಾಸೆಂಜರ್ ಟಿಕೆಟ್ಟಿನ ಸಫಾರಿ!

▪️ ಕಾಲ ನೋಡಿ ಬನ್ನಿ. ಹಸಿರು ಬೇಕಾದ್ರೆ ಆಗಸ್ಟ್‌ನಿಂದ ನವೆಂಬರ್. ನೀರು ಹಕ್ಕಿ ಬೇಕಾದ್ರೆ ಡಿಸೆಂಬರ್, ಜನವರಿ. ಬಂಡೆಗಳ ನಿಜವಾದ ಬಣ್ಣ ಬೇಕಾದ್ರೆ ಫೆಬ್ರವರಿಯ ಬೆಳಗಿನ ಬಿಸಿಲು.

▪️ ಬೆಳಿಗ್ಗೆ ಬನ್ನಿ, ಸಂಜೆ ಕತ್ತಲಾಗೋ ಮೊದಲು ಗುಡ್ಡ ಇಳೀರಿ. ಕತ್ತಲು ಅವರ ಪಾಳಿ.

▪️ ಜೋಗಿಮಟ್ಟಿಗೆ ಹೋಗೋರು ಅರಣ್ಯ ಇಲಾಖೆಯ ಅನುಮತಿ, ಸಮಯ ಕೇಳ್ಕೊಂಡೇ ಹೋಗಿ. ಡ್ರೋನ್ ಮನೇಲಿ ಬಿಡಿ.

▪️ ಕ್ಯಾಮೆರಾಗಿಂತ ಮೊದಲು ದುರ್ಬೀನು ಕೊಳ್ಳಿ. ಪ್ರಾಣಿ ತಲೆ ಎತ್ತಿ ನಿಮ್ಮನ್ನೇ ದಿಟ್ಟಿಸ್ತಿದೆ ಅಂದ್ರೆ ನೀವು ಆಗ್ಲೇ ಜಾಸ್ತಿ ಹತ್ತಿರ ಹೋಗಿದೀರಿ. ನಿಧಾನಕ್ಕೆ ಹಿಂದೆ ಸರೀರಿ.

▪️ ಒಂದೇ ಕಡೆ ಅರ್ಧ ಗಂಟೆ ಸುಮ್ಮನೆ ಕೂರಿ. ಮೊದಲ ಹತ್ತು ನಿಮಿಷ ಏನೂ ಇಲ್ಲ ಅನ್ಸುತ್ತೆ. ಆಮೇಲೆ ಗೌಜಲಹಕ್ಕಿ ಕೂಗುತ್ತೆ, ಓತಿಕೇತ ಕಲ್ಲಿನ ಮೇಲೆ ಬರುತ್ತೆ, ಮುಂಗುಸಿ ದಾಟುತ್ತೆ. ಅಷ್ಟು ಹೊತ್ತೂ ಅವೆಲ್ಲಾ ಅಲ್ಲೇ ಇದ್ವು. ಸದ್ದು ಮಾಡ್ತಿದ್ದೋರು ನಾವು.

▪️ ಕೋಡಿ ನೀರಿಗೆ, ಹಿನ್ನೀರಿಗೆ ಇಳೀಬೇಡಿ. ಪಾಚಿ ಕಟ್ಟಿದ ಕಲ್ಲಿಗೆ ಈಜು ಬರೋನು, ಬರದೋನು ಎಲ್ಲಾ ಒಂದೇ.

▪️ ತಂದ ಬಾಟ್ಲಿ ವಾಪಸ್ ತಗೊಂಡ್ಹೋಗಿ. ಗಾಜು ಒಡೆದ್ರೆ ಬರಿಗಾಲಲ್ಲಿ ನಡೆಯೋ ಕುರಿಗಾಹಿಯ ಕಾಲಿಗೆ ಚುಚ್ಚುತ್ತೆ.

▪️ ಹೊಲ ದಾಟೋ ಮುಂಚೆ "ಯಜಮಾನ್ರೇ, ಹೋಗ್ಬಹುದಾ?" ಅಂತ ಕೇಳಿ. ಒಂಬತ್ತು ಸಲ ಹೂಂ ಅಂತಾರೆ, ಮಜ್ಜಿಗೆನೂ ಕೊಡ್ತಾರೆ. ಹತ್ತನೇ ಸಲ ಬೇಡ ಅಂದ್ರೆ ಅದಕ್ಕೊಂದು ಕಾರಣ ಇರುತ್ತೆ.

10/10

ಕೊನೇ ಕ್ಯಾಪ್ಷನ್. ನಾವು ನೋಡೋ ರೀತಿ ಬದಲಾದ್ರೆ ಸಾಲದು, ಕೇಳಬೇಕಾದ್ದನ್ನ ಕೇಳಬೇಕಾದವರ ಹತ್ರ ಕೇಳಲೂಬೇಕು.

ಅರಣ್ಯ ಇಲಾಖೆಗೆ: ಮಾರಿಕಣಿವೆ, ಜೋಗಿಮಟ್ಟಿ ಸುತ್ತ ದೂರದಿಂದ ನೋಡೋ ಒಂದೆರಡು ವೀಕ್ಷಣಾ ಜಾಗ ಗುರುತಿಸಿ, ಸುತ್ತಲ ಹಳ್ಳಿಯ ಯುವಕ ಯುವತಿಯರಿಗೆ ಗೈಡ್ ತರಬೇತಿ ಕೊಡಿ. ಜನ ಹೇಗೂ ಬರ್ತಾರೆ. ದಾರಿ ತೋರಿಸದಿದ್ರೆ ಎಲ್ಲಾ ಕಡೆ ತುಳೀತಾರೆ.

ನೀರಾವರಿಯವರಿಗೆ: ಕೋಡಿ ಬೀಳೋ ಸಂಭ್ರಮದ ಸಿದ್ಧತೆ ಎಷ್ಟಿರುತ್ತೋ ಹಿನ್ನೀರಿನ ಹಳ್ಳಿಗಳಿಗೆ ಮುನ್ಸೂಚನೆ, ಪರಿಹಾರದ ಸಿದ್ಧತೆಯೂ ಅಷ್ಟೇ ಇರಲಿ. ಒಂದು ಕಡೆ ಬಾಗಿನ, ಇನ್ನೊಂದು ಕಡೆ ಮುಳುಗಿದ ತೋಟ ಆಗಬಾರದು.

ವಿದ್ಯುತ್ ಕೊಡೋರಿಗೆ: ಗುಡ್ಡದ ಅಂಚಿನ ಹಳ್ಳಿಗಳಿಗೆ ಪಂಪ್‌ಸೆಟ್ ಕರೆಂಟ್ ಹಗಲಲ್ಲಿ ಕೊಡಿ. ಕರಡಿ, ಚಿರತೆ ವಿಷಯದಲ್ಲಿ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಮೇಷ್ಟ್ರುಗಳಿಗೆ: ಮಕ್ಕಳನ್ನ ಮೈಸೂರು ಝೂಗೆ ಕರ್ಕೊಂಡು ಹೋಗಿ, ಬೇಡ ಅನ್ನಲ್ಲ. ಅದಕ್ಕೂ ಮೊದಲು ಊರ ಕೆರೆ ಏರಿ ಮೇಲೆ ಒಂದು ಬೆಳಿಗ್ಗೆ ನಿಲ್ಲಿಸಿ. ಹಗರಿಬೊಮ್ಮನಹಳ್ಳಿ ಕಡೆಯ ಅಂಕಸಮುದ್ರ ಒಂದು ಊರಕೆರೆಯೇ. ಹಕ್ಕಿಗಳಿಂದಾಗಿ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿ ಲೋಕದ ನಕ್ಷೆಯಲ್ಲಿ ಕೂತಿದೆ. ನಮ್ಮ ಕೆರೆಗಳಲ್ಲಿ ಯಾರಿದಾರೆ ಅಂತ ಮೊದಲು ಎಣಿಸೋಣ.

ನನ್ನಂಥ ಪೇಜುಗಳಿಗೆ: "ಹಿಡನ್ ಜೆಮ್" ಅಂತ ಬರೆದು ಮ್ಯಾಪ್ ಅಂಟಿಸೋದನ್ನ ಬಿಡೋಣ. ಗೂಡು, ಗವಿ, ಮರಿ, ನೀರು ಕುಡಿಯೋ ಗುಂಡಿ ಈ ನಾಲ್ಕರ ಲೊಕೇಶನ್ ಯಾರೂ ಹಾಕಲ್ಲ ಅಂತ ನಾವೇ ಒಂದು ಕಟ್ಟುಪಾಡು ಮಾಡ್ಕೊಳ್ಳೋಣ. ಫೋನ್ ಕ್ಯಾಮೆರಾದ ಲೊಕೇಶನ್ ಸೆಟ್ಟಿಂಗ್ ಆಫ್ ಮಾಡೋಕೆ ಅರ್ಧ ನಿಮಿಷ ಸಾಕು.

ಬಯಲುಸೀಮೆಯ ಕಣಿವೆ ಬೇಗ ಮನಸ್ಸು ಬಿಚ್ಚಲ್ಲ. ಮಲೆನಾಡಿನ ಹಾಗೆ ಮೊದಲ ನೋಟಕ್ಕೇ ಎಲ್ಲಾ ಕೊಟ್ಟುಬಿಡಲ್ಲ. ನಾಲ್ಕು ಸಲ ಬರಿಗೈಲಿ ಕಳಿಸಿ ಐದನೇ ಸಲ ಬಂಡೆಯ ನೆರಳಲ್ಲಿ ಒಂದು ಕೊಂಡುಕುರಿ ತೋರಿಸುತ್ತೆ. ಆ ಐದನೇ ಸಲ ನಿಮ್ಮದೇ ಆಗಿರಲಿ, ನನ್ನ ಪಿನ್ನಿನಿಂದ ಸಿಕ್ಕಿದ್ದಾಗೋದು ಬೇಡ.

ನಿಮ್ಮೂರ ಗುಡ್ಡದಲ್ಲಿ, ಹಳ್ಳದಲ್ಲಿ ನೀವು ಕಂಡ ಒಂದು ಪ್ರಾಣಿ ಅಥವಾ ಹಕ್ಕಿಯ ಹೆಸರು ಕಾಮೆಂಟಲ್ಲಿ ಬರೀರಿ. ನಿಮ್ಮ ಕಡೆ ಅದಕ್ಕೆ ಏನಂತ ಕರೀತಾರೆ ಅದನ್ನೂ ಬರೀರಿ. ತಾಲೂಕಿನ ಹೆಸರು ಸಾಕು. ಮುಂದಿನ ಸರಣಿ ಆ ಹೆಸರುಗಳ ಮೇಲೇ ಮಾಡೋಣ. 🌾

#ವೇದಾವತಿ #ಮಾರಿಕಣಿವೆ #ಚಿಕ್ಕಜಾಜೂರು #ಹೊಳಲ್ಕೆರೆ #ಹೊಸದುರ್ಗ #ಹಿರಿಯೂರು #ಜೋಗಿಮಟ್ಟಿ #ನಮ್ಮದುರ್ಗ #ಬಯಲುಸೀಮೆ #ಲೊಕೇಶನ್‌ಬೇಡ